ಎಸಳು ಎಣಿಸಿ ಬರೆ

ಬಿಡಾರ
ಫೆಬ್ರವರಿ ೩

ಟೀಚರ್‌ಗೆ,

ಕ್ಷೇಮಸಮಾಚಾರ ಕೊನೆಯಲ್ಲಿ. ಮೊದಲು ಹೂವಿನ ಸಮಾಚಾರ.

ಹೋದ ತಿಂಗಳು ಈ ಮರಳುಗಾಡಿನಲ್ಲಿ ಮಳೆ ಬಂತು. ನಮಗೆ ನೀರು ತರುವ ಟ್ಯಾಂಕರ್ ಡ್ರೈವರಣ್ಣ ಈ ದಾರಿಯಲ್ಲಿ ಓಡಾಡಲು ಶುರುಮಾಡಿ ಆರು ವರ್ಷವಾಯಿತಂತೆ, ಇಲ್ಲಿ ಮಳೆ ನೋಡಿದ್ದು ಇದೇ ಮೊದಲಂತೆ. ಸುರಿಯಿತು, ನಿಂತಿತು. ನಾವು ಒದ್ದೆ ಹಾಸಿಗೆ ಒಣಗಿಸಿಕೊಂಡು ಮರೆತೂಬಿಟ್ಟೆವು. ನಿನ್ನೆ ಪೈಪ್‌ಲೈನಿನ ಗುರುತಿಗೆ ಗೂಟ ನೆಡಲು ಹೋದರೆ ಕಣ್ಣು ಹಾಯುವಷ್ಟು ದೂರ ಹೂವು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಹಾಗೆ. ಕಾಲಿಡಲು ಜಾಗವಿಲ್ಲದೆ ಟ್ರೈಪಾಡ್ ಹೆಗಲ ಮೇಲೆಯೇ ಇಟ್ಟುಕೊಂಡು ಸುಮಾರು ಹೊತ್ತು ಪೆದ್ದಿಯ ಹಾಗೆ ನಿಂತಿದ್ದೆ.

“ಇವೆಲ್ಲಾ ಇಷ್ಟು ದಿನ ಎಲ್ಲಿದ್ವು ಮೇಡಂ?” ಅಂದರು ಡ್ರೈವರಣ್ಣ.

ನಾನು ಸರ್ವೆಯವಳು. ನೆಲದ ಏರುತಗ್ಗು ಹೇಳಬಲ್ಲೆ, ನೆಲದೊಳಗೆ ಏನು ಮಲಗಿತ್ತು ಎಂದು ಹೇಳಲಾರೆ. ಒಂಬತ್ತನೇ ಕ್ಲಾಸಿನಲ್ಲಿ ನೀವು ಕಲಿಸಿದ್ದನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಆದರೆ ಆ ವರ್ಷ ನಾನು ಪಾಠ ಕೇಳಿದ್ದಕ್ಕಿಂತ ನಿಮ್ಮನ್ನು ಗುರಾಯಿಸಿದ್ದೇ ಹೆಚ್ಚು. ತಾಯಿಯಿಲ್ಲದ ಹುಡುಗಿಯ ಅಪ್ಪ ಅವಳ ಟೀಚರನ್ನೇ ಮದುವೆಯಾಗಿ ಮನೆಗೆ ಕರೆತಂದರೆ ಅವಳು ಇನ್ನೇನು ಮಾಡಿಯಾಳು?

ಹೂವು ನೇರಳೆ ಬಣ್ಣದ್ದು. ಕಿರುಬೆರಳಿನ ಉಗುರಿನಷ್ಟು. ಹೆಸರೇನು?

ಕ್ಷೇಮವಾಗಿದ್ದೇನೆ. ಅಪ್ಪ ಹೋದ ಮೇಲೆ ನಾನು ಮನೆಗೆ ಬರೆಯುತ್ತಿರುವ ಮೊದಲ ಕಾಗದ ಇದು ಅಂತ ಗೊತ್ತಿದೆ. ನೀವೂ ಬರೆಯಲಿಲ್ಲ. ಇಲ್ಲಿ ಫೋನು ಹಿಡಿಯುವುದಿಲ್ಲ. ಟ್ಯಾಂಕರ್ ಬಂದಾಗ ಟಪಾಲು ಬರುತ್ತದೆ.

ಕಡ್ಡಿ


ಮನೆ
ಫೆಬ್ರವರಿ ೧೪

ಕಡ್ಡಿಗೆ,

ಬಣ್ಣ, ಅಳತೆ ಕೇಳುವುದು ಬಟ್ಟೆ ಅಂಗಡಿಯವರು. ನನಗೆ ಎಸಳು ಎಣಿಸಿ ಬರೆ.

ಎಸಳುಗಳು ಬಿಡಿಬಿಡಿಯೋ, ಬುಡದಲ್ಲಿ ಕೂಡಿ ಆಲಿಕೆಯ ಹಾಗಿವೆಯೋ? ಒಳಗೆ ಕೇಸರಗಳು ಎಷ್ಟು? ಎಲ್ಲವೂ ಒಂದೇ ಎತ್ತರವೋ? ಎಲೆ ಉಜ್ಜಿದರೆ ವಾಸನೆ ಹೇಗಿದೆ? ಮೂಸಿ ನೋಡು, ಬಾಯಿಗೆ ಮಾತ್ರ ಹಾಕಬೇಡ. ಚಿಕ್ಕಂದಿನಲ್ಲಿ ನಿನಗೆ ಪೆನ್ಸಿಲು ಕಚ್ಚುವ ಚಾಳಿ ಇತ್ತು.

ಹೆಸರಿಗೆ ಯಾಕೆ ಅವಸರ? ಮೊದಲು ಕುಟುಂಬ ಹುಡುಕು. ಮದುವೆಮನೆಯಲ್ಲಿ ಗುರುತಿಲ್ಲದವರನ್ನು ಕಂಡರೆ “ನೀವು ಯಾರ ಕಡೆಯವರು?” ಅಂತ ತಾನೇ ಕೇಳುವುದು! ನಾಲ್ಕು ಎಸಳು ಶಿಲುಬೆಯ ಹಾಗೆ ಎದುರುಬದುರಾಗಿದ್ದು, ಕೇಸರ ನಾಲ್ಕು ಉದ್ದ ಎರಡು ಗಿಡ್ಡ ಇದ್ದರೆ ಅದು ಸಾಸಿವೆ ಕಡೆಯದು. ಚಿಟ್ಟೆಯ ಹಾಗೆ ಮೇಲೊಂದು ಬಾವುಟ, ಪಕ್ಕಕ್ಕೆ ಎರಡು ರೆಕ್ಕೆ, ಕೆಳಗೊಂದು ದೋಣಿ ಇದ್ದರೆ ಬಟಾಣಿ ಕಡೆಯದು. ಒಂದೇ ಹೂವು ಅಂತ ಕಿತ್ತು ಬಿಡಿಸಿದರೆ ಒಳಗೆ ನೂರು ಪುಟ್ಟ ಹೂವು ಸಿಕ್ಕರೆ ಸೂರ್ಯಕಾಂತಿ ಕಡೆಯದು. ಎಸಳು ಐದೂ ಕೂಡಿ ಆಲಿಕೆಯಾಗಿ, ಕೇಸರ ಐದೂ ಅದರ ಒಳಮೈಗೆ ಅಂಟಿಕೊಂಡಿದ್ದು, ಕಾಯಿ ಹಸಿರು ಟೋಪಿಯೊಳಗೆ ಕುಳಿತಿದ್ದರೆ ಬದನೆ ಕಡೆಯದು ಇರಬಹುದು. ಆ ಮನೆಯಲ್ಲಿ ಟೊಮೆಟೊ, ಮೆಣಸಿನಕಾಯಿಯಂಥ ಒಳ್ಳೆಯವರೂ ಇದ್ದಾರೆ, ವಿಷ ಇಡುವವರೂ ಇದ್ದಾರೆ. ಗುರುತಿಲ್ಲದವರ ಹತ್ತಿರ ಸಲುಗೆ ಬೇಡ.

ನಿಮ್ಮಪ್ಪ ಅಂಗಡಿಯಲ್ಲಿ ಉಳಿದ ಕನ್ನಡಕದ ಗಾಜು ಉಜ್ಜಿ ನನಗೊಂದು ಮಸೂರ ಮಾಡಿಕೊಟ್ಟಿದ್ದರು. ಅದನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ.

ಇನ್ನೊಂದು ವಿಷಯ. ಜೂನ್‌ಗೆ ನಾನು ನಿವೃತ್ತಿಯಾಗಿ ಒಂದು ವರ್ಷ. ನನ್ನ ತಮ್ಮ ಅವನ ಊರಿಗೆ ಬಂದುಬಿಡು ಅಂತ ಕರೆಯುತ್ತಿದ್ದಾನೆ. ಒಬ್ಬಳಿಗೆ ಈ ಬಾಡಿಗೆ ಮನೆ ದೊಡ್ಡದೇ. ನಿನ್ನ ಕೋಣೆಯ ಸಾಮಾನು ಏನು ಮಾಡಲಿ?

ಟೀಚರ್


ಬಿಡಾರ
ಫೆಬ್ರವರಿ ೨೪

ಟೀಚರ್‌ಗೆ,

ಸಾಸಿವೆ! ನಾಲ್ಕು ಎಸಳು, ನಾಲ್ಕು ಉದ್ದ, ಎರಡು ಗಿಡ್ಡ. ಅಪ್ಪನ ಮಸೂರದಲ್ಲಿ ನೋಡುತ್ತಾ ನಾನು ಕಿರುಚಿದ ಸದ್ದಿಗೆ ಅಡುಗೆಯಣ್ಣ ಚೇಳು ಕಚ್ಚಿತು ಅಂದುಕೊಂಡು ಸೌಟು ಹಿಡಿದು ಓಡಿಬಂದರು.

ಆಮೇಲೆ ನನಗೆ ಹುಚ್ಚೇ ಹಿಡಿಯಿತು. ದಿನಾ ಕೆಲಸ ಮುಗಿಸಿ ಮಂಡಿಯೂರಿ ಹುಡುಕುತ್ತೇನೆ. ಹಳದಿ ಹೂವೊಂದನ್ನು ಎಳೆದು ಬಿಡಿಸಿದೆ. ನೀವು ಹೇಳಿದ ಹಾಗೆ ಒಂದೊಂದು ಎಸಳೂ ಒಂದೊಂದು ಹೂವು! ಇಷ್ಟು ವರ್ಷ ಒಂದು ಇಡೀ ಊರನ್ನು ನೋಡಿ ಒಬ್ಬ ಮನುಷ್ಯ ಅಂದುಕೊಂಡಿದ್ದೆನಲ್ಲ. ಬಟಾಣಿ ಕಡೆಯವು ಮೂರು ಸಿಕ್ಕಿವೆ, ಅದರಲ್ಲೊಂದು ನೆಲಕ್ಕೆ ಎಷ್ಟು ಅಂಟಿಕೊಂಡಿದೆ ಎಂದರೆ ನಾನು ಅದರ ಮೇಲೇ ಕುಳಿತು ಊಟ ಮಾಡಿದ್ದೆ.

ಒಂದು ಮಾತ್ರ ಗೊತ್ತಾಗಲಿಲ್ಲ. ಬಿಳಿ ಹೂವು, ಬುಡದಲ್ಲಿ ಕೂಡಿದ ಐದು ಎಸಳು. ಗಿಡವೆಲ್ಲ ಒರಟು ಕೂದಲು. ಹೂವಿನ ಗೊಂಚಲು ಚೇಳಿನ ಬಾಲದ ಹಾಗೆ ಸುರುಳಿ ಸುತ್ತಿಕೊಂಡಿದೆ. ಒತ್ತಿ ಒಣಗಿಸಿ ಇದರ ಜೊತೆ ಇಟ್ಟಿದ್ದೇನೆ.

ಇನ್ನೊಂದು ಪ್ರಶ್ನೆ. ಬೇರೆ ಬೇರೆ ಕುಟುಂಬದವು ಇಲ್ಲಿ ಯಾಕೆ ಒಂದೇ ಥರ ಕಾಣುತ್ತವೆ? ಎಲ್ಲವೂ ಗಿಡ್ಡ, ಎಲ್ಲಕ್ಕೂ ಎಲೆ ಚಿಕ್ಕದು ಇಲ್ಲವೇ ದಪ್ಪ, ಎಲ್ಲಕ್ಕೂ ಕೂದಲು. ಹೂವು ಬಿಡದಿದ್ದರೆ ಯಾರು ಯಾರ ಕಡೆಯವರು ಅಂತ ಹೇಳಲು ಸಾಧ್ಯವೇ ಇಲ್ಲ.

ಕಡ್ಡಿ


ಮನೆ
ಮಾರ್ಚ್ ೫

ಕಡ್ಡಿಗೆ,

ಒಂದೇ ಬಿಸಿಲು, ಒಂದೇ ಬಾಯಾರಿಕೆ. ಒಟ್ಟಿಗೆ ಬಾಳಿದವರಿಗೆ ಒಂದೇ ಮುಖ ಬರುತ್ತದೆ, ರಕ್ತ ಬೇರೆಯಾದರೂ. ಗಿಡಗಳಲ್ಲೂ ಹಾಗೆಯೇ. ಒಳ್ಳೆಯ ಪ್ರಶ್ನೆ. ಕ್ಲಾಸಿನಲ್ಲಿ ಕೇಳಿದ್ದರೆ ನಿನಗೆ ಮಾರ್ಕ್ಸು ಕೊಡುತ್ತಿದ್ದೆ.

ಚೇಳಿನ ಬಾಲದ್ದು ಯಾವ ಕುಟುಂಬ ಅಂತ ಹೇಳಲೇಬೇಕೇ? ನೀನು ಬರೆದದ್ದರಲ್ಲೇ ಉತ್ತರವಿದೆ. ಒರಟು ಕೂದಲು, ಸುರುಳಿ ಗೊಂಚಲು. ಚೇಳುಕೊಂಡಿ ಗಿಡ ಅಂತ ನಮ್ಮ ಶಾಲೆಯ ಕಾಂಪೌಂಡಿನ ಪಕ್ಕ ಬೆಳೆಯುತ್ತಿತ್ತು. ಇದು ಅದರ ದಾಯಾದಿ. ಒಣಗಿದ ಹೂವು ಮುರಿಯದೆ ಬಂತು. ಮೇಜಿನ ಮೇಲಿಟ್ಟು ಎಷ್ಟೋ ಹೊತ್ತು ನೋಡಿದೆ. ಮರಳುಗಾಡಿನ ಸಸ್ಯಗಳು ಅಂತ ಪ್ರತಿ ವರ್ಷ ಒಂದು ಪಾಠ ಮಾಡಿದ್ದೇನೆ. ಮರಳುಗಾಡಿನ ಸಸ್ಯವನ್ನು ಕೈಯಲ್ಲಿ ಹಿಡಿದದ್ದು ಇದೇ ಮೊದಲು.

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ಹೂವಿನದ್ದಲ್ಲ.

ಟೀಚರ್


ಬಿಡಾರ
ಮಾರ್ಚ್ ೧೫

ಟೀಚರ್‌ಗೆ,

ಇದನ್ನು ಕೂತುಕೊಂಡು ಓದಿ. ಎಲ್ಲರೂ ಬದುಕಿದ್ದಾರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಇಲ್ಲಿ ಹಸಿ ತರಕಾರಿ ಅಪರೂಪ. ಸಾಸಿವೆ ಕಡೆಯ ಗಿಡಗಳನ್ನು ಡ್ರೈವರಣ್ಣ ಗುರುತಿಸಿ, ನಮ್ಮ ಕಡೆ ಇದರ ಸೊಪ್ಪು ತಿನ್ನುತ್ತೇವೆ ಎಂದಿದ್ದರು. ಅಡುಗೆಯಣ್ಣ ಎರಡು ಸಲ ಬೇಯಿಸಿದರು, ಎಲ್ಲರೂ ಚಪ್ಪರಿಸಿಕೊಂಡು ತಿಂದೆವು. ಮಂಗಳವಾರ ನಾವು ಗೂಟ ನೆಡಲು ದೂರ ಹೋಗಿದ್ದೆವು. ಅಡುಗೆಯಣ್ಣ ದಪ್ಪ ದಪ್ಪ ಎಳೆ ಎಲೆ ಕಂಡು ಅದನ್ನೂ ಕೊಯ್ದು ಸೇರಿಸಿದರಂತೆ. ಅವರಿಗೆ ಹೊಟ್ಟೆ ಸರಿಯಿಲ್ಲದೆ ಒಂದು ತುತ್ತು ತಿಂದು ಬಿಟ್ಟರು. ಡ್ರೈವರಣ್ಣ ತಟ್ಟೆ ತುಂಬ ತಿಂದರು.

ನಾವು ಮರಳುವ ಹೊತ್ತಿಗೆ ಡ್ರೈವರಣ್ಣ ಗುಡಾರದ ಮುಂದೆ ಕುಳಿತು ಗಾಳಿಯಲ್ಲಿ ದಾರ ಎಳೆಯುತ್ತಿದ್ದರು. ಇಲ್ಲದ ದಾರ! ಮುಖ ಕೆಂಡದಂತೆ ಕೆಂಪು. “ಮೇಡಂ, ಬಾಗಿಲಲ್ಲಿ ಮೇಕೆ ನಿಂತಿದೆ, ಓಡ್ಸಿ” ಅಂದರು. ಮೈ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ನೀರು ಕೊಟ್ಟರೆ ನುಂಗಲಾಗುತ್ತಿಲ್ಲ.

ನಮ್ಮ ಬಿಡಾರದ ಮುಖ್ಯಸ್ಥರನ್ನು ನಾವೆಲ್ಲ ‘ದೊಡ್ಡೋರು’ ಅನ್ನುತ್ತೇವೆ. ಅವರು ನೋಡಿದವರೇ, “ಬಿಸ್ಲು ಹೊಡೆದಿದೆ, ನೆರಳಲ್ಲಿ ಮಲಗ್ಸಿ, ಸರಿಹೋಗ್ತಾರೆ” ಅಂದರು. ಇನ್ನೊಬ್ಬರು ಹಾವು ಇರಬೇಕು ಎಂದರು. ನಾನು ಡ್ರೈವರಣ್ಣನ ಕಣ್ಣು ನೋಡಿದೆ. ಸೂರ್ಯ ಇನ್ನೂ ಮೇಲಿದ್ದಾನೆ, ಆದರೆ ಅವರ ಕಣ್ಣಿನ ಪಾಪೆ ಕತ್ತಲಲ್ಲಿ ನಿಂತವರ ಹಾಗೆ ಅಗಲವಾಗಿ ತೆರೆದಿತ್ತು.

ಅಡುಗೆಮನೆಯ ಹಿಂದೆ ಕಸದ ರಾಶಿಗೆ ಓಡಿದೆ. ಕೊಯ್ದು ಬಿಸಾಕಿದ ದಂಟಿನಲ್ಲಿ ಒಂದು ಹೂವು ಉಳಿದಿತ್ತು. ಟೀಚರ್, ಅವಸರದಲ್ಲಿ ಮಸೂರ ಎರಡು ಸಲ ಮರಳಿಗೆ ಬಿತ್ತು. ಎಸಳು ಐದು, ಕೂಡಿ ಆಲಿಕೆ. ಒಳಗೆ ನೇರಳೆ ಗೆರೆ. ಕೇಸರ ಐದು, ಒಳಮೈಗೆ ಅಂಟಿದ್ದವು. ಇನ್ನೊಂದು ದಂಟಿನಲ್ಲಿ ಕಾಯಿ, ಹಸಿರು ಬಟ್ಟಲಿನೊಳಗೆ. ಎಲೆ ಉಜ್ಜಿದೆ. ಹೇಸಿಗೆ ವಾಸನೆ.

ವೈರ್‌ಲೆಸ್‌ನಲ್ಲಿ ಆಸ್ಪತ್ರೆಯ ಡಾಕ್ಟರು ಸಿಕ್ಕರು. ದೊಡ್ಡೋರು “ಸನ್‌ಸ್ಟ್ರೋಕು” ಅನ್ನುತ್ತಿದ್ದರು. ನಾನು ಅವರ ಕೈಯಿಂದ ಮೈಕು ಕಿತ್ತುಕೊಂಡೆ. ನಿಜವಾಗಿಯೂ ಕಿತ್ತುಕೊಂಡೆ.

“ಗಿಡ ತಿಂದಿದ್ದಾರೆ ಡಾಕ್ಟ್ರೇ. ಬದನೆ ಕುಟುಂಬದ್ದು. ಪಾಪೆ ಅಗಲವಾಗಿದೆ, ನೀರೂ ನುಂಗೋಕಾಗ್ತಿಲ್ಲ.”

“ಗಿಡದ ಹೆಸರೇನು?”

“ಹೆಸ್ರು ಗೊತ್ತಿಲ್ಲ. ಕುಟುಂಬ ಗೊತ್ತು.”

“ಖಚಿತವಾಗಿ ಹೇಳ್ತಿದೀರಾ?”

“ಹೂವು ನನ್ನ ಕೈಲೇ ಇದೆ.”

ಡಾಕ್ಟರು, “ಹಾಗಿದ್ರೆ ಪಾಪೆ ಅಗಲ, ಬಾಯಿ ಒಣಗಿರೋದು, ಎಲ್ಲ ತಾಳೆಯಾಗತ್ತೆ. ಅದಕ್ಕೆ ಬೇರೆ ಇಂಜೆಕ್ಷನ್ ಇದೆ. ನಾನು ತಗೊಂಡು ಹೊರಡ್ತೀನಿ, ನೀವೂ ಅವರನ್ನ ಗಾಡೀಲಿ ಹಾಕ್ಕೊಂಡು ಹೊರಡಿ. ಒದ್ದೆ ಬಟ್ಟೆ ಹೊದಿಸಿ. ಎದ್ದು ಓಡೋಕೆ ಬಿಡ್ಬೇಡಿ” ಅಂದರು. ಅರ್ಧ ದಾರಿಯಲ್ಲಿ ಎರಡು ಗಾಡಿಗಳು ಎದುರುಬದುರಾದವು. ಅಲ್ಲಿಯವರೆಗೆ ನಾನು ಮತ್ತು ದೊಡ್ಡೋರು ಡ್ರೈವರಣ್ಣನನ್ನು ಅವುಚಿಕೊಂಡು ಕೂತಿದ್ದೆವು. ಅವರು ದಾರಿಯುದ್ದಕ್ಕೂ ಆ ಮೇಕೆಗೆ ಬುದ್ಧಿ ಹೇಳುತ್ತಿದ್ದರು.

ಈಗ ಆಸ್ಪತ್ರೆಯಲ್ಲಿದ್ದಾರೆ. ಊಟ ಸರಿಯಿಲ್ಲ ಅಂತ ಜಗಳ ಆಡುತ್ತಿದ್ದಾರಂತೆ.

ಅಡುಗೆಯಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. “ಎರಡೂ ಒಂದೇ ಥರ ಕಾಣ್ತಿತ್ತು ಮೇಡಂ” ಅಂತ ನೂರು ಸಲ ಹೇಳಿದರು. ಕಂಡದ್ದು ನಿಜ. ನನಗೂ ಎಲೆ ಮಾತ್ರ ತೋರಿಸಿದ್ದರೆ ಗೊತ್ತಾಗುತ್ತಿರಲಿಲ್ಲ.

ಕಡ್ಡಿ


ಮನೆ
ಮಾರ್ಚ್ ೨೩

ಕಡ್ಡಿಗೆ,

ಕೂತುಕೊಂಡೇ ಓದಿದೆ. ಓದಿ, ಮತ್ತೆ ಮೊದಲಿನಿಂದ ಓದಿದೆ.

ನೀನೂ ಆ ದಿನ ಬಿಡಾರದಲ್ಲೇ ಇದ್ದಿದ್ದರೆ ಅದೇ ತಟ್ಟೆಯಿಂದ ತಿನ್ನುತ್ತಿದ್ದೆ. ಈ ಮಾತನ್ನು ಬರೆಯಬಾರದು ಅಂದುಕೊಂಡೆ, ಬರೆದುಬಿಟ್ಟೆ.

ಅಡುಗೆಯವರಿಗೆ ಹೇಳು, ಪುಸ್ತಕ ಓದಿದವರೂ ಎಲೆ ನೋಡಿ ಎಡವಿದ್ದಾರೆ ಅಂತ. ಹೂವು ನೋಡದೆ ಗಿಡ ಕೊಯ್ಯಬಾರದು, ಅಷ್ಟೇ. ಅವರನ್ನು ಒಬ್ಬರೇ ಮಲಗಲು ಬಿಡಬೇಡ. ನಿನ್ನ ಜೊತೆ ಹೂವು ನೋಡಲು ಕರೆದುಕೊಂಡು ಹೋಗು.

ಗಿಡ ಯಾವುದೆಂದು ನನಗೆ ಅಂದಾಜಿದೆ. ಆದರೆ ಅದನ್ನು ನೋಡದೆ ಹೇಳುವವಳಲ್ಲ ನಾನು.

ಟೀಚರ್


ಬಿಡಾರ
ಮಾರ್ಚ್ ೩೧

ಟೀಚರ್‌ಗೆ,

ಹಾಗಾದರೆ ಬಂದು ನೋಡಿ.

ಸುಮ್ಮನೆ ಬಾಯಿಮಾತಿಗೆ ಕರೆಯುತ್ತಿಲ್ಲ. ಹೂವು ದಿನದಿಂದ ದಿನಕ್ಕೆ ಒಣಗುತ್ತಿದೆ, ಗಾಳಿ ಬಿಸಿಯಾಗುತ್ತಿದೆ. ಇನ್ನು ಕೆಲವು ವಾರ ಬಿಟ್ಟರೆ ಬರೀ ಮರಳು. ರೈಲಿಳಿದು ಬಸ್ಸು ಹಿಡಿದರೆ ಮರಳುಗಾಡಿನ ಅಂಚಿನ ಊರು ಸಿಗುತ್ತದೆ. ಅಲ್ಲಿಂದ ಟ್ಯಾಂಕರಿನಲ್ಲಿ ಡ್ರೈವರಣ್ಣನೇ ಕರೆತರುತ್ತಾರೆ. ಕೆಲಸಕ್ಕೆ ವಾಪಸ್ಸಾಗಿದ್ದಾರೆ. ಅವರ ಮುಂದೆ ಮೇಕೆಯ ಸುದ್ದಿ ಎತ್ತಬೇಡಿ, ನಾಚಿಕೊಳ್ಳುತ್ತಾರೆ.

ಬಿಡಾರದಲ್ಲಿ ಅತಿಥಿಗಳಿಗೆ ಒಂದೇ ಗುಡಾರ, ಅದೂ ಕುಟುಂಬದವರಿಗೆ ಮಾತ್ರ. ದೊಡ್ಡೋರ ಹತ್ತಿರ ಕೇಳಲು ಹೋದೆ. ಯಾರು ಬರುತ್ತಾರೆ ಅಂದರು. “ನಮ್ಮನೆಯವ್ರು” ಅಂದುಬಿಟ್ಟೆ.

“ಎಲಾ! ಮದ್ವೆ ಆಗಿರೋದು ಹೇಳ್ಲೇ ಇಲ್ವಲ್ಲ!” ಅಂದರು.

ಹೊರಗಿದ್ದ ಅಡುಗೆಯಣ್ಣ ಕೂಡ ಒಳಗೆ ಇಣುಕಿದರು. ನಗು ಮುಗಿದ ಮೇಲೆ ಬಿಡಿಸಿ ಹೇಳಬೇಕಾಯಿತು. ಹೇಳಿದೆ. ಗುಡಾರ ಸಿಕ್ಕಿತು.

ದಪ್ಪ ಚಪ್ಪಲಿ ಬೇಡ, ಬೂಟು ತನ್ನಿ. ಕೋಣೆಯ ಸಾಮಾನಿನ ವಿಷಯ ನೀವು ಬಂದ ಮೇಲೆ ಮಾತಾಡೋಣ.

ಕಡ್ಡಿ


ಮನೆ
ಏಪ್ರಿಲ್ ೭

ಕಡ್ಡಿಗೆ,

ಬೂಟು ಕೊಂಡೆ. ಅಂಗಡಿಯವನು “ಈ ವಯಸ್ಸಲ್ಲಿ ಎಲ್ಲಿಗೆ ಹೊರಟ್ರಿ ಅಮ್ಮ?” ಅಂತ ಕೇಳಿದ. “ಬದನೆಗಿಡ ನೋಡೋಕೆ” ಅಂದೆ. ಪಾಪ, ಬಿಲ್ಲು ಬರೆದುಕೊಟ್ಟ.

ಹದಿನಾರಕ್ಕೆ ಅಂಚಿನ ಊರು ತಲುಪುತ್ತೇನೆ.

ಟೀಚರ್


ಅಂಚಿನ ಊರು
ಮೇ ೨

ತಮ್ಮನಿಗೆ,

ನೀನು ಸ್ಟೇಷನ್ನಿಗೆ ಯಾವಾಗ ಬರಲಿ ಅಂತ ಕೇಳಿ ಬರೆದ ಕಾಗದ ಮನೆಯಿಂದ ಸುತ್ತಿಕೊಂಡು ಇಲ್ಲಿಗೆ ಬಂತು. ನಾನು ಬರುತ್ತಿಲ್ಲ. ಬೇಜಾರು ಮಾಡಿಕೊಳ್ಳದೆ ಪೂರ್ತಿ ಓದು.

ಕಡ್ಡಿಯ ಬಿಡಾರದಲ್ಲಿ ಟ್ಯಾಂಕರ್ ಇಳಿಯುತ್ತಿದ್ದ ಹಾಗೆ ಒಬ್ಬ ಎತ್ತರದ ಮನುಷ್ಯ ಬಂದು, ನನ್ನ ಚೀಲ ತೆಗೆದುಕೊಂಡು, “ಬನ್ನಿ ಬನ್ನಿ, ನೀವೇ ಅಲ್ವಾ ಇವಳ ಅಮ್ಮ? ನಿಮ್ಮ ಮಗಳು ನಮ್ಮ ಕೈಯಿಂದ ಮೈಕೇ ಕಿತ್ಕೊಂಡ್ಲು!” ಅಂದರು. ಅವಳು ಅವರಿಗೆ ಏನು ಹೇಳಿ ಗುಡಾರ ಪಡೆದಿದ್ದಳು ಅಂತ ನನಗೆ ಆಗ ಗೊತ್ತಾಯಿತು. ಅವಳು ಅಲ್ಲೇ ನಿಂತು ತನ್ನ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ದಾರ ಬಿಚ್ಚಿರಲಿಲ್ಲ. ನನ್ನನ್ನು ಅವಳು ಟೀಚರ್ ಅಂತಲೇ ಕರೆಯುತ್ತಾಳೆ. ಬೇರೆ ಏನಾದರೂ ಕರೆದರೆ ಯಾರನ್ನೋ ಕರೆದಳು ಅಂತ ನಾನು ಹಿಂದೆ ತಿರುಗಿ ನೋಡಿಯೇನು.

ಹೂವು ಮುಕ್ಕಾಲು ಪಾಲು ಹೋಗಿತ್ತು. ವಿಷದ ಗಿಡ ಇನ್ನೂ ಇತ್ತು. ನನ್ನ ಅಂದಾಜು ಸರಿಯಾಗಿತ್ತು. ಅದನ್ನು ಅಡುಗೆಯವರಿಗೂ ತೋರಿಸಿದೆವು. ಅವರು ದೂರದಿಂದಲೇ ಕೈಮುಗಿದರು.

ನಾಲ್ಕನೇ ದಿನ ಬೆಳಿಗ್ಗೆ ಅದನ್ನು ಕಂಡೆ. ಬರೀ ಮರಳಿನಿಂದ ಮೊಣಕಾಲೆತ್ತರಕ್ಕೆ ಎದ್ದು ನಿಂತ ಹಳದಿ ಹೂವಿನ ಕಂಬ. ಎಲೆ ಇಲ್ಲ. ಹಸಿರಿನ ಸುಳಿವೇ ಇಲ್ಲ. ಇದನ್ನು ನಾನು ವರ್ಷಾವರ್ಷ ಹಳದಿ ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದಿದ್ದೇನೆ, “ಸ್ವಂತ ಎಲೆ ಇಲ್ಲ, ಬೇರೊಂದು ಗಿಡದ ಬೇರಿನಿಂದ ಉಣ್ಣುತ್ತದೆ” ಅಂತ ಹೇಳಿ ಮಕ್ಕಳಿಂದ ಬರೆಸಿದ್ದೇನೆ. ಆದರೆ ಅದರ ಪಕ್ಕ ನಿಂತಾಗ ನನಗೇ ನಂಬಿಕೆ ಬರಲಿಲ್ಲ. ಸುತ್ತ ಎಲ್ಲೂ ಗಿಡವಿಲ್ಲ. ಒಂದು ಪೊದೆ ಇತ್ತು, ಅಷ್ಟು ದೂರದಲ್ಲಿ.

“ಅಷ್ಟು ದೂರದಿಂದ ಹೇಗೆ ಟೀಚರ್?” ಅಂದಳು.

“ನಂಗೇನು ಗೊತ್ತು? ಅಗೆ” ಅಂದೆ.

ಅಗೆದಳು. ನಾನು ಬೋರಲು ಮಲಗಿ, ತೋಳುದ್ದ ಕೈ ಇಳಿಸಿ ಮರಳು ತೆಗೆದೆ. ಅರವತ್ತರ ಹತ್ತಿರದ ಹೆಂಗಸು ಮರಳಲ್ಲಿ ಹೊರಳಾಡುವುದನ್ನು ನೀನು ನೋಡಬೇಕಿತ್ತು. ಅಗೆಯುವಾಗ ಮುಖ ನೋಡಿಕೊಂಡು ಮಾತಾಡಬೇಕಾಗಿಲ್ಲವಲ್ಲ, ಅದಕ್ಕೇ ಇರಬೇಕು, ಅವಳು ಕೇಳಿದಳು: “ಅಪ್ಪ ನಿಮ್ಮನ್ನ ಮದ್ವೆಗೆ ಹೇಗೆ ಕೇಳಿದ್ರು?”

“ಕೇಳ್ಲಿಲ್ಲ. ಮೂರು ಸಲ ನನ್ನ ಕನ್ನಡಕದ ನಂಬರು ಬೇಕಂತ್ಲೇ ತಪ್ಪಾಗಿ ಹಾಕಿಕೊಟ್ರು. ಮೂರನೇ ಸಲ, ಸುಮ್ನೆ ಹೀಗೆ ಓಡಾಡ್ಸೋ ಬದ್ಲು ಬಾಯಿಬಿಟ್ಟು ಹೇಳಿ ಅಂತ ನಾನೇ ಅಂದೆ.”

ನಕ್ಕಳು. ನಗುತ್ತಲೇ, “ನಾನು ಬೇಡ ಅಂದಿದ್ದೆ, ಗೊತ್ತಾ?” ಅಂದಳು.

“ಗೊತ್ತು. ಅದಕ್ಕೇ ಒಂದು ವರ್ಷ ತಡ ಮಾಡಿದ್ವಿ. ನೀನು ಎಂಟನೇ ಕ್ಲಾಸು ಮುಗಿಸ್ಲಿ ಅಂತ ನಾನೇ ಹೇಳಿದ್ದೆ. ಆಮೇಲೂ ನೀನು ಒಪ್ಲಿಲ್ಲ, ಅದು ಬೇರೆ ಮಾತು.”

ಅವಳು ಸನಿಕೆ ನಿಲ್ಲಿಸಿದಳು. ಈ ವಿಷಯ ಅವಳಿಗೆ ಅವರಪ್ಪ ಯಾವತ್ತೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಹೇಳುವ ಸಂದರ್ಭ ಬಂದಿರಲಿಲ್ಲ. ಅಪ್ಪ ಸತ್ತ ಮೇಲೆ ಅಳದ ಹುಡುಗಿ ಆ ಗುಂಡಿಯ ಅಂಚಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಕೈಯೆಲ್ಲ ಮರಳು, ಕಣ್ಣು ಒರೆಸಿಕೊಳ್ಳಲೂ ಆಗದು. ನನ್ನ ತೋಳಿನ ಬಟ್ಟೆಯಿಂದ ಒರೆಸಿದೆ.

ಆಮೇಲೆ ಮತ್ತೆ ಅಗೆದೆವು. ಸಿಕ್ಕಿತು ಕಣೋ. ತಿಳಿಹಳದಿಯ ದಪ್ಪ ದಂಟು ಕೆಳಗೆ ಕೆಳಗೆ ಇಳಿದು, ಒಂದು ನೂಲಿನಂಥ ಬೇರಿಗೆ ಕಚ್ಚಿಕೊಂಡಿತ್ತು. ಆ ಬೇರನ್ನು ಹಿಡಿದು ಹೋದರೆ ನೇರ ಆ ಪೊದೆಗೆ. ಇಬ್ಬರೂ ಎಷ್ಟೋ ಹೊತ್ತು ನೋಡಿ, ಮರಳು ಮುಚ್ಚಿ, ಬಿಡಾರಕ್ಕೆ ಬಂದು ಹೊಟ್ಟೆ ತುಂಬ ಉಂಡೆವು.

ಪೈಪ್‌ಲೈನ್ ಮುಂದೆ ಸಾಗುತ್ತದೆ, ಅವಳ ಬಿಡಾರವೂ ಸಾಗುತ್ತದೆ. ಟ್ಯಾಂಕರ್ ಮಾತ್ರ ಈ ಊರಿನಿಂದಲೇ ಹೋಗಬೇಕು. ಹಾಗಾಗಿ ಇಲ್ಲೇ ಒಂದು ಕೋಣೆ ನೋಡಿದೆ. ಬಿಳಿ ಗೋಡೆ, ಒಂದು ಕಿಟಕಿ, ಕಿಟಕಿಯ ಆಚೆ ರಸ್ತೆ ಮುಗಿದು ಮರಳು ಶುರು. ಅವಳ ಮೇಜು, ನನ್ನ ಪುಸ್ತಕ ಎರಡನ್ನೂ ಲಾರಿಗೆ ಹಾಕಿಸು. ಬಾಡಿಗೆ ಮನೆಯ ಬೀಗದ ಕೈ ಪಕ್ಕದ ಮನೆಯವರ ಹತ್ತಿರ ಇದೆ. ಈಗ ಈ ನೆಲದಲ್ಲಿ ಏನೂ ಇಲ್ಲ, ಬೀಜ ಬಿಟ್ಟರೆ. ಯಾವ ಬೀಜ ಎಷ್ಟು ಮಳೆಗೆ ಏಳುತ್ತದೆ, ಯಾವುದು ಸುಮ್ಮನೆ ಮಲಗಿರುತ್ತದೆ, ಅದನ್ನು ನನಗೆ ನೋಡಬೇಕು.

ಮನೆ ಯಜಮಾನಿ, “ಎಷ್ಟು ದಿನಕ್ಕೆ ಬೇಕು ಕೋಣೆ?” ಅಂತ ಕೇಳಿದಳು.

“ಮುಂದಿನ ಮಳೆ ಬರೋವರ್ಗೆ” ಅಂದೆ.

ಅವಳು ಸೊಂಟದ ಮೇಲೆ ಕೈಯಿಟ್ಟು ನಕ್ಕಳು. “ಅಮ್ಮಾ, ಹಿಂದಿನ ಮಳೆಗೂ ಈ ಮಳೆಗೂ ನಡುವೆ ನನ್ನ ಮಗಳು ಹುಟ್ಟಿ, ನಡೆಯೋಕೆ ಕಲ್ತು, ಸ್ಕೂಲಿಗೂ ಸೇರಿದ್ಲು.”

“ಪರವಾಗಿಲ್ಲ, ಬೀಗದ ಕೈ ಕೊಡಿ” ಅಂದೆ.

ನಿನ್ನ ಅಕ್ಕ